ನಮ್ಮ ಮಟ್ಟ ನಮಗೆ ತಿಳಿಯಲಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಗಣಿತದ ಬಗ್ಗೆ ಏನು ಹೇಳಿಯಾರು ಎಂದು ನಿಮಗೆ ಅನಿಸಬಹುದು. ಗಣಿತವನ್ನು ನಿಮ್ಮ ಗಣಿತದ ಅಧ್ಯಾಪಕರೇ ಕಲಿಸಲಿ. ಒಂದು ಪರೀಕ್ಷೆಯನ್ನು ಯಾವ ಮನಸ್ಸಿನಿಂದ ಬರೆಯಬೇಕು ಎಂಬುದಷ್ಟೇ ನನ್ನ ಇಂದಿನ ಮಾತು.

ಪಿಯುಸಿ ಮುಗಿಸಿ ಪದವಿ ಓದಲು ಅಮೆರಿಕಕ್ಕೆ ಹೋಗುವವರು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕ ಮೇಲೂ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯಬೇಕಾಗುತ್ತದೆ. ಇಲ್ಲಿ ಪ್ಲೇಸ್‌ಮೆಂಟ್ ಎಂದರೆ ನೌಕರಿಯಲ್ಲ. ನಿಮ್ಮನ್ನು ಗಣಿತದ ಯಾವ ತರಗತಿಯಲ್ಲಿ ಕೂರಿಸಬೇಕು ಎಂಬ ತೀರ್ಮಾನ. ಇದರಲ್ಲಿ ಪಾಸು, ಫೇಲು ಇಲ್ಲ.

ಇಂಥ ಪರೀಕ್ಷೆಗಳಲ್ಲಿ ಹೆಸರಾದದ್ದು 'ಅಲೆಕ್ಸ್'. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ರೂಪುಗೊಂಡ ವ್ಯವಸ್ಥೆಯಿದು. ಹೆಚ್ಚೆಂದರೆ 30 ಪ್ರಶ್ನೆಗಳು, ಅಂಕ 0ಯಿಂದ 100ರವರೆಗೆ. ನೀವು ಕೊಟ್ಟ ಉತ್ತರವನ್ನು ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಕ್ಯಾಲ್ಕುಲೇಟರ್ ಬೇಕಾದ ಕಡೆ ಪರದೆಯ ಮೇಲೆ ಅದೇ ಬರುತ್ತದೆ. ಎಷ್ಟು ಅಂಕಕ್ಕೆ ಯಾವ ತರಗತಿ ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ.

ನಮ್ಮ ಸಿಇಟಿಯ ಅಭ್ಯಾಸ ಇಲ್ಲಿ ನಡೆಯದು. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ನಾಲ್ಕು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಊಹಿಸಿ ಗುರುತು ಹಾಕುತ್ತೇವೆ. ಅಲೆಕ್ಸ್‌ನಲ್ಲಿ ಹೆಚ್ಚಾಗಿ ಉತ್ತರವನ್ನು ನಾವೇ ಟೈಪ್ ಮಾಡಬೇಕು. 'ಗೊತ್ತಿಲ್ಲ' ಎನ್ನಲು ಒಂದು ಗುಂಡಿಯೇ ಇದೆ. ನಿಜವಾಗಿ ಗೊತ್ತಿಲ್ಲದಿದ್ದರೆ ಅದನ್ನು ಒತ್ತಲು ನಾಚಿಕೆ ಬೇಡ.

ಇನ್ನೊಂದು ಮಾತು. ಕಲನಶಾಸ್ತ್ರ ಓದಿದ್ದೇನೆ, ನನಗೇನು ಭಯ ಎನ್ನಬೇಡಿ. ಈ ಪರೀಕ್ಷೆ ಕೇಳುವುದು ಕಲನಶಾಸ್ತ್ರವನ್ನಲ್ಲ, ಅದರ ಬುನಾದಿಯನ್ನು: ಭಿನ್ನರಾಶಿ, ಘಾತಾಂಕ, ಸಮೀಕರಣ, ಲಾಗರಿದಮ್, ತ್ರಿಕೋನಮಿತಿ. ಹೈಸ್ಕೂಲಿನ ಪುಸ್ತಕಗಳನ್ನು ಮತ್ತೆ ತೆರೆಯಿರಿ. ಉರ್ದು ಮಾಧ್ಯಮದಿಂದ ಬಂದವರು ಪದಗಳನ್ನು ಮೂರು ಭಾಷೆಗಳಲ್ಲಿ ಬರೆದಿಟ್ಟುಕೊಳ್ಳಿ. ಕಸ್ರ್, ಭಿನ್ನರಾಶಿ, ಫ್ರ್ಯಾಕ್ಷನ್ ಒಂದೇ. ಮಸಾವಾತ್, ಸಮೀಕರಣ, ಈಕ್ವೇಷನ್ ಒಂದೇ. ಲೆಕ್ಕ ಬಂದರೂ ಪದ ತಿಳಿಯದೆ ತಪ್ಪುವವರನ್ನು ನಾನು ಶಾಲೆಯಲ್ಲಿ ನೋಡುತ್ತಲೇ ಇದ್ದೇನೆ. ಆಲ್‌ಜೀಬ್ರಾ ಎಂಬ ಪದ ಹುಟ್ಟಿದ್ದೇ ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ 'ಅಲ್ ಜಬ್ರ್' ಎಂಬ ಮಾತಿನಿಂದ. ಅದು ನಮಗೆ ಪರಕೀಯ ವಿದ್ಯೆಯಲ್ಲ.

ಈಗ ಮುಖ್ಯ ವಿಷಯ. ಇದು ಮನೆಯಲ್ಲೇ ಕುಳಿತು ಬರೆಯಬಹುದಾದ ಪರೀಕ್ಷೆ. ಕೆಲವು ವಿಶ್ವವಿದ್ಯಾಲಯಗಳು ಕ್ಯಾಮೆರಾದಿಂದ ನಿಗಾ ಇಡುತ್ತವೆ, ಕೆಲವು ಇಡುವುದಿಲ್ಲ. ಪಕ್ಕದಲ್ಲಿ ಇಂಜಿನಿಯರಿಂಗ್ ಓದಿದ ಭಾಯಿಜಾನ್ ಇರಬಹುದು, ಕೈಯಲ್ಲಿ ಉತ್ತರ ಹೇಳುವ ಮೊಬೈಲ್ ಇರಬಹುದು. ಅವರ ಉತ್ತರದಿಂದ ಅಂಕ ಬಂದರೆ ಮೇಲಿನ ತರಗತಿ ಸಿಗುವುದು ನಿಮಗೆ, ಭಾಯಿಜಾನ್‌ಗಲ್ಲ. ಅಲ್ಲಿ ಪಾಠ ಅರ್ಥವಾಗದೆ ಕುಳಿತಾಗ ಹೋಗುವುದು ನಿಮ್ಮ ಒಂದು ಸೆಮಿಸ್ಟರ್, ಮತ್ತು ಅಬ್ಬಾಜಾನ್ ಸಾಲ ಮಾಡಿ ಕಟ್ಟಿದ ಫೀಸು. ಯಾರೂ ನೋಡದಿದ್ದರೂ ಅಲ್ಲಾಹನು ನೋಡುತ್ತಾನೆ ಎಂದು ನಾವು ನಂಬುವವರು. ಈ ಪರೀಕ್ಷೆ ಒಂದು ಅಮಾನತ್. ಕಡಿಮೆ ಅಂಕ ಬಂದರೂ ದಾರಿಯಿದೆ: ಕೊರತೆಯಿರುವ ಪಾಠಗಳನ್ನು ಅಲೆಕ್ಸ್‌ನಲ್ಲೇ ಅಭ್ಯಾಸ ಮಾಡಿ, ಮತ್ತೆ ಬರೆಯಲು ಅನೇಕ ವಿಶ್ವವಿದ್ಯಾಲಯಗಳು ಅವಕಾಶ ಕೊಡುತ್ತವೆ.

ವಿದೇಶಕ್ಕೆ ಹೋಗುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಆದರೆ ಉರ್ದು, ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳು ಪ್ರತಿವರ್ಷ ಇದ್ದಾರೆ. ತಮ್ಮ ಕೊರತೆ ಎಲ್ಲಿದೆ ಎಂದು ತಿಳಿಯದೆಯೇ ಗಣಿತಕ್ಕೆ ಹೆದರಿ ವಿಜ್ಞಾನ ಬಿಡುವವರೂ ಅವರಲ್ಲಿದ್ದಾರೆ. ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪಿಯುಸಿ ತರಗತಿಗಳು ಶುರುವಾಗುವ ಮುನ್ನ ಇಂಥದೇ ಒಂದು ಚಿಕ್ಕ ಪರೀಕ್ಷೆಯನ್ನು ನಾವೂ ನಡೆಸೋಣ. ರ‍್ಯಾಂಕ್ ಬೇಡ, ಹೆಸರು ಬೋರ್ಡಿಗೆ ಹಾಕುವುದು ಬೇಡ. ಯಾರಿಗೆ ಯಾವ ಪಾಠ ಬೇಕೆಂದು ತಿಳಿದು ಒಂದು ತಿಂಗಳು ಸಂಜೆ ತರಗತಿ ನಡೆಸಿದರೆ ಸಾಕು. ಪದಗಳ ಕಷ್ಟ ಬಿಡಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ಅಲ್ಲಾಹನು ನಮ್ಮೆಲ್ಲರಿಗೂ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ, ಆಮೀನ್.