ಗೊತ್ತು, ಊಹೆ, ಆಸೆ: ಒಂದು ಹಳೇ ರೇಸ್ ಕಾರಿನ ಬೆನ್ನು ಹತ್ತಿ



"ನಿನ್ನ ಕೆಲಸದ ಬಗ್ಗೆ ಏನಾದ್ರೂ ಹೇಳಮ್ಮ, ಆದರೆ ಸಾಫ್ಟ್‌ವೇರ್ ಮಾತ್ರ ಬೇಡ" ಅಂತ ನಮ್ಮ ಕಾರ್ಯದರ್ಶಿಗಳು ಫೋನಿನಲ್ಲೇ ಷರತ್ತು ಹಾಕಿದ್ದರು. ಹಾಗಾಗಿ ಇವತ್ತು ಒಂದು ಕಾರಿನ ಕಥೆ ಹೇಳುತ್ತೇನೆ. ಸೀಟು ಒಂದೇ, ಹೆಡ್‌ಲೈಟ್ ಇಲ್ಲ, ಸ್ಟಾರ್ಟರ್ ಕೂಡ ಇಲ್ಲ. ಓಡುವುದು ಬರೀ ನಾನೂರು ಮೀಟರ್. ಆದರೂ ಅದರ ಮೂಲ ಹುಡುಕಲು ನನಗೆ ಏಳು ತಿಂಗಳ ಶನಿವಾರಗಳು ಬೇಕಾದವು.

ಪುಣೆಯಲ್ಲಿ ನನ್ನ ಕೆಲಸ ಯಂತ್ರಗಳ ಬಿಡಿಭಾಗಗಳ ದಾಖಲೆ ನೋಡಿಕೊಳ್ಳುವುದು. ಯಾವ ಭಾಗ, ಯಾವ ವರ್ಷದ್ದು, ಯಾಕೆ ಬದಲಾಯಿತು, ಅದರ ಜಾಗಕ್ಕೆ ಏನು ಬಂತು, ಇದೆಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿರಬೇಕು. ಇದೇ ಕೆಲಸಕ್ಕೆ ಕಂಪನಿಯವರು ನನ್ನನ್ನು ಹನ್ನೊಂದು ತಿಂಗಳು ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ ಕಳಿಸಿದ್ದರು. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಊಟದ ಹೊತ್ತಿನಲ್ಲಿ, "ನಮ್ಮ ಗ್ಯಾರೇಜಿನಲ್ಲಿ ಒಂದು ಹಳೇ ಡ್ರ್ಯಾಗ್ ಕಾರಿದೆ. ಅದಕ್ಕೆ ಜಾತಕ ಬರೆಯೋಕೆ ನಿನ್ನಂಥವರೇ ಬೇಕು" ಎನ್ನುವ ಅರ್ಥದಲ್ಲಿ ಕೇಳಿದರು. ಶನಿವಾರ ಬಟ್ಟೆ ಒಗೆಯುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ. ಒಪ್ಪಿಕೊಂಡೆ.

ಡ್ರ್ಯಾಗ್ ರೇಸ್ ಅಂದರೆ ನೇರ ರಸ್ತೆ, ಎರಡು ಕಾರು, ನಿಂತಲ್ಲಿಂದ ಹೊರಟು ಕಾಲು ಮೈಲಿ. ಮೊದಲು ಮುಟ್ಟಿದವರು ಗೆದ್ದರು. ಕ್ಯಾಲಿಫೋರ್ನಿಯಾದ ಹುಡುಗರು ಇದನ್ನು ಊರ ಬೀದಿಗಳಲ್ಲೂ ಆಡುತ್ತಿದ್ದರು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟಿಕೆಟ್ ಇಟ್ಟು ರೇಸ್ ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ನಿಯಮಗಳನ್ನು ತಂದರು.

ನಮ್ಮ ಗ್ಯಾರೇಜಿನಲ್ಲಿದ್ದದ್ದು 'ಸ್ಲಿಂಗ್‌ಶಾಟ್' ಮಾದರಿಯ ಕಾರು. ಎಂಜಿನ್ ಮುಂದೆ, ಚಾಲಕ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಕವಣೆಯಲ್ಲಿ ಕಲ್ಲು ಕೂತ ಹಾಗೆ ಎಂದು ಆ ಹೆಸರು. ಎಂಜಿನ್ನೋ ಕ್ಲಚ್ಚೋ ಸಿಡಿದರೆ ಎಲ್ಲವೂ ಚಾಲಕನ ಮೈಮೇಲೆಯೇ. 1970ರ ಮಾರ್ಚಿನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ದೊಡ್ಡ ಹೆಸರಿನ ಚಾಲಕನ ಕಾರಿನಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಅವರ ಬಲಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟ ಕಾರು ತಂದು ಗೆದ್ದರು. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್‌ಗಳು ಮೂಲೆಗೆ ಬಿದ್ದವು. ಇಂಥದ್ದೇ ಒಂದು ನಮ್ಮ ಸಹೋದ್ಯೋಗಿಗೆ ಯಾರದೋ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದ ಹೆಸರಾಂತ ಕುಶಲಕರ್ಮಿಯೊಬ್ಬರ ಕೈಯಲ್ಲಿ ತಯಾರಾದ ಚಾಸಿ ಇದು ಎಂದು ಮಾರಿದವರು ಹೇಳಿದ್ದರು. ಅದು ನಿಜವಾದರೆ ಬೆಲೆ ಹಲವು ಪಟ್ಟು. ಅವರು ನಿವೃತ್ತಿಯ ಹಣದ ದೊಡ್ಡ ಪಾಲನ್ನು ಅದಕ್ಕೆ ಸುರಿದಿದ್ದರು.

ನಾನು ಮೊದಲ ದಿನವೇ ಒಂದು ಪಟ್ಟಿ ಮಾಡಿದೆ. ಮೂರು ಕಾಲಂ: ಗೊತ್ತು, ಊಹೆ, ಆಸೆ. ಮಾರಿದವರ ಮಾತು ಎಲ್ಲಿಗೆ ಹೋಗಬೇಕು ಎಂದು ಕೇಳಿದಾಗ ಅವರು ನಕ್ಕು, "ಸದ್ಯಕ್ಕೆ ಮೂರನೇದಕ್ಕೆ ಹಾಕು" ಅಂದರು.

ಎಂಜಿನ್ನಿಂದ ಶುರುಮಾಡಿದೆವು. ಎರಕ ಹೊಯ್ಯುವಾಗಲೇ ಮೂಡಿದ ಸಂಖ್ಯೆಗಳನ್ನು ಉಜ್ಜಿ ಓದಿದರೆ ಅದು ಕ್ರೈಸ್ಲರ್ ಕಂಪನಿಯ 392 ಹೆಮಿ. 1957 ಮತ್ತು 58ರ ಕಾರುಗಳಿಗೆ ಬಂದ, 6.4 ಲೀಟರಿನ ಎಂಜಿನ್. ಅದರ ತಲೆಯ ಮೇಲೆ ಒಂದು ಬ್ಲೋವರ್, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ. ಅದನ್ನು 6-71 ಎನ್ನುತ್ತಾರೆ. ಆರು ಸಿಲಿಂಡರ್, ಒಂದೊಂದೂ 71 ಘನ ಇಂಚಿನ ಡೀಸೆಲ್ ಎಂಜಿನ್ನಿನದು ಎಂದರ್ಥ. ಲಾರಿ, ಬಸ್ಸು, ಯುದ್ಧಕಾಲದ ದೋಣಿಗಳಲ್ಲಿ ದುಡಿದ ಎಂಜಿನ್ನಿನ ಭಾಗವನ್ನು ಹುಡುಗರು ಗುಜರಿಯಿಂದ ಎತ್ತಿ ತಂದು ರೇಸ್ ಕಾರಿಗೆ ಬೆಲ್ಟ್ ಹಾಕಿ ಕೂರಿಸುತ್ತಿದ್ದರು. ನಮ್ಮ ಕಡೆ ಪಂಪ್‌ಸೆಟ್ ಎಂಜಿನ್ನಿಗೆ ಚಕ್ರ ಕಟ್ಟಿ ಗಾಡಿ ಮಾಡುತ್ತಾರಲ್ಲ, ಅದೇ ಬುದ್ಧಿ.

ನಾನು ಖುಷಿಯಿಂದ '1957' ಎಂದು 'ಗೊತ್ತು' ಕಾಲಂನಲ್ಲಿ ಬರೆದೆ. ಅದು ತಪ್ಪು. ಡ್ರ್ಯಾಗ್ ಕಾರಿನಲ್ಲಿ ಎಂಜಿನ್ ಎಂದರೆ ನಮ್ಮ ಮಿಕ್ಸಿಯ ಬ್ಲೇಡಿನಂತೆ, ಸವೆಯುತ್ತದೆ, ಮುರಿಯುತ್ತದೆ, ಬದಲಾಗುತ್ತದೆ. ಎಂಜಿನ್ನಿನ ವಯಸ್ಸು ಕಾರಿನ ವಯಸ್ಸಲ್ಲ. ಕಾರಿನ ಗುರುತು ಇರುವುದು ಚಾಸಿಯ ಕೊಳವೆಗಳಲ್ಲಿ.

ಹಾಗಾಗಿ ಎಂಜಿನ್ ಇಳಿಸಿ ಚಾಸಿ ನೋಡಿದೆವು. ಎಂಜಿನ್ ಕೂರಿಸುವ ತೂತುಗಳು ಎರಡು ಜೊತೆ. ಹಳೆಯ ಜೊತೆಗೆ 1955ರಲ್ಲಿ ಬಂದ ಶೆವ್ರೊಲೆ ವಿ-8 ಎಂಜಿನ್ನಿನ ಅಳತೆ ಹೊಂದುತ್ತಿತ್ತು. ಅಂದರೆ ಹೆಮಿ ಬಂದದ್ದು ಆಮೇಲೆ. ಮುಂಭಾಗದ ಕೊಳವೆಗಳನ್ನು ಒಮ್ಮೆ ಕತ್ತರಿಸಿ, ನಡುವೆ ತುಂಡು ಸೇರಿಸಿ ಉದ್ದ ಮಾಡಿದ್ದರು. ಅರವತ್ತರ ದಶಕದಲ್ಲಿ ಈ ಕಾರುಗಳು ವರ್ಷವರ್ಷಕ್ಕೂ ಉದ್ದವಾಗುತ್ತ ಹೋದವು. ಹೊಸ ಕಾರಿಗೆ ದುಡ್ಡಿಲ್ಲದವರು ಹಳೆಯದನ್ನೇ ಎಳೆದು ಉದ್ದ ಮಾಡುತ್ತಿದ್ದರು, ಮಗಳ ಲಂಗಕ್ಕೆ ಕೆಳಗೆ ಒಂದು ಪಟ್ಟಿ ಸೇರಿಸಿದ ಹಾಗೆ. ಕೊಳವೆಗಳು ಸೇರುವ ಮೂಲೆಗಳಲ್ಲಿ ಬೆಸುಗೆಯ ಕೈ ಗೊತ್ತಾಗುತ್ತದೆ. ಮನೆಮನೆಯ ಸಾರಿನ ಪುಡಿ ಬೇರೆ ಇದ್ದಂತೆ ಒಬ್ಬೊಬ್ಬ ಕುಶಲಕರ್ಮಿಯದೂ ಒಂದೊಂದು ರೀತಿ. ಮ್ಯೂಸಿಯಂನ ಕಾರುಗಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದೆವು. ಇದು ಕ್ಯಾಲಿಫೋರ್ನಿಯಾದ ಆ ಕೈ ಅಲ್ಲ.

ಸಹೋದ್ಯೋಗಿ ಏನೂ ಮಾತಾಡಲಿಲ್ಲ. ಕಾಫಿ ತರುತ್ತೇನೆ ಎಂದು ಒಳಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ಬಂದ ಮೇಲೆ, "ಇದನ್ನು ಊಹೆ ಕಾಲಂನಲ್ಲಿ ಇಡಬಹುದಲ್ಲ?" ಎಂದು ಮೆಲ್ಲಗೆ ಕೇಳಿದರು. ಇಡಬಹುದಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ನಾಳೆ ಇವರಿಂದ ಕೊಳ್ಳುವವರೂ ಯಾರದೋ ನಿವೃತ್ತಿಯ ಹಣವನ್ನೇ ತರುತ್ತಾರೆ. ಇಡಲಾರೆ ಎಂದೆ. ಎರಡು ಶನಿವಾರ ಅವರು ನನ್ನನ್ನು ಕರೆಯಲಿಲ್ಲ.

ಮೂರನೆಯ ವಾರ ಅವರೇ ಫೋನ್ ಮಾಡಿದರು. ಬಾಡಿಯ ಬಣ್ಣವನ್ನು ಪದರಪದರವಾಗಿ ಉಜ್ಜಿದಾಗ ಮೂರನೆಯ ಪದರದ ಕೆಳಗೆ ಒಂದು ಹೆಸರಿನ ಕೊನೆಯ ನಾಲ್ಕು ಅಕ್ಷರ ಕಂಡಿದ್ದವು. ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೇ ವಿಳಾಸ ಪುಸ್ತಕಗಳನ್ನು ತಿರುವಿದೆವು. ಎರಡು ಊರಾಚೆಗಿದ್ದ ಒಂದು ಲೇತ್ ಅಂಗಡಿಯ ಹೆಸರು ಹೊಂದಿತು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೆ ಮಾಲೀಕರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ, ಇದ್ದರು.

ಅವರು ಮಾತಿಗಿಂತ ಮೊದಲು ಮೂರು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಪ್ರತಿ ಓಟದ ದಿನಾಂಕ, ಹವೆ, ಇಂಧನದಲ್ಲಿ ನೈಟ್ರೋಮೀಥೇನ್ ಎಷ್ಟು ಪಾಲು, ಎಷ್ಟು ಸೆಕೆಂಡು, ಏನು ಮುರಿಯಿತು, ಎಷ್ಟು ಖರ್ಚಾಯಿತು. 1957ರಲ್ಲಿ ಅಸೋಸಿಯೇಷನ್ ನೈಟ್ರೋ ನಿಷೇಧಿಸಿತ್ತು, 1963ರಿಂದ ಮತ್ತೆ ಬಿಡತೊಡಗಿತು. ನೋಟ್‌ಬುಕ್‌ನಲ್ಲೂ ಮೊದಲು ಬರೀ ಪೆಟ್ರೋಲ್, ಆಮೇಲೆ ನೈಟ್ರೋ. ಶೆವ್ರೊಲೆ ತೆಗೆದ ದಿನ ಇತ್ತು. ಒಂದು ಚಳಿಗಾಲದಲ್ಲಿ ಚಾಸಿ 28 ಇಂಚು ಉದ್ದ ಮಾಡಿದ್ದೂ ಇತ್ತು. ನಾವು ಅಳೆದ ತುಂಡು ಅಷ್ಟೇ ಉದ್ದವಿತ್ತು.

ಅಕ್ಷರ ದುಂಡಗೆ, ಒಂದೇ ಕೈಯದು. "ಯಾರು ಬರೆದದ್ದು?" ಅಂದೆ. "ನಾನೇ. ನಾನೇನೂ ಮಾಡುತ್ತಿರಲಿಲ್ಲ. ಟ್ರಕ್ ಓಡಿಸುತ್ತಿದ್ದೆ, ಬರೆದಿಡುತ್ತಿದ್ದೆ, ಅಷ್ಟೇ" ಅಂದರು.

ಆ ಕಾರಿಗೆ ಸ್ಟಾರ್ಟರ್ ಇರಲಿಲ್ಲ ಎಂದೆನಲ್ಲ? ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿದರೆ ಮಾತ್ರ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಆ ಗಾಡಿ ಓಡಿಸುತ್ತಿದ್ದವರು ಇವರು. ಇವರು ತಳ್ಳದೆ ಕಾರು ಒಮ್ಮೆಯೂ ಹೊರಟಿಲ್ಲ. ಆದರೂ 'ಅಷ್ಟೇ'. ಈ ಅಷ್ಟೇ ಎನ್ನುವ ಪದ ನಮ್ಮ ಅಮ್ಮಂದಿರ ಬಾಯಲ್ಲಿ ನಾವೆಲ್ಲ ಎಷ್ಟು ಸಲ ಕೇಳಿಲ್ಲ!

ಡ್ರ್ಯಾಗ್ ರೇಸ್‌ನಲ್ಲಿ ಹೆಂಗಸರೇ ಇರಲಿಲ್ಲ ಎಂದಲ್ಲ. ಶರ್ಲಿ ಮಲ್ಡೌನಿ 1973ರಲ್ಲಿ ಅತಿ ವೇಗದ ಟಾಪ್ ಫ್ಯುಯಲ್ ವರ್ಗದ ಲೈಸೆನ್ಸ್ ಪಡೆದು 1977, 1980, 1982ರಲ್ಲಿ ಚಾಂಪಿಯನ್ ಆದರು. ಆ ವರ್ಗದಲ್ಲಿ ಮೂರು ಸಲ ಗೆದ್ದ ಮೊದಲ ವ್ಯಕ್ತಿ, ಗಂಡಸರನ್ನೂ ಸೇರಿಸಿ. ಅವರ ಹೆಸರು ದಾಖಲೆಯಲ್ಲಿದೆ, ಇರಲೇಬೇಕು. ಟ್ರಕ್ ಓಡಿಸಿದವರ ಹೆಸರು ಹೆಚ್ಚಾಗಿ ಎಲ್ಲೂ ಇಲ್ಲ.

ಕಾರಿನ ಕಡತವನ್ನು ನಾನು ವಾಪಸು ಬರುವ ಮೊದಲು ಮುಗಿಸಿದೆ. 'ತಯಾರಕರು' ಎಂಬಲ್ಲಿ ಆ ಲೇತ್ ಅಂಗಡಿ. 'ತಂಡ' ಎಂಬಲ್ಲಿ ಮೂರು ಹೆಸರು: ಗಂಡ, ಅವರ ತಮ್ಮ, ಮತ್ತು ಈ ಅಜ್ಜಿ. ಮೂರೂ 'ಗೊತ್ತು' ಕಾಲಂನಲ್ಲಿ. ಹೆಸರಾಂತ ಚಾಸಿಗೆ ಸಿಗುವ ಬೆಲೆ ಇದಕ್ಕೆ ಸಿಗುವುದಿಲ್ಲ, ಸಹೋದ್ಯೋಗಿಗೆ ನಷ್ಟವೇ ಆಯಿತು. ಆದರೆ ಅವರು ಮಾರಲಿಲ್ಲ. ಮೂರನೆಯ ಪದರದ ಬಣ್ಣವನ್ನೇ ಹುಡುಕಿ ತಂದು ಬಳಿದರು, ಅಂಗಡಿಯ ಹೆಸರನ್ನು ಪೂರ್ತಿ ಬರೆಸಿದರು.

ಊರಿಗೆ ಹೋದಾಗ ನಮ್ಮ ಮನೆಯ ತಾಮ್ರದ ಹಂಡೆಗೂ ಇದೇ ಮೂರು ಕಾಲಂ ಹಾಕಿದೆ. ಅದು ಮೈಸೂರು ಅರಮನೆಯಿಂದ ಬಂದದ್ದು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅಜ್ಜಿಯನ್ನು ಬಿಡಿಸಿ ಕೇಳಿದರೆ, ಅದು ಅವರು ಹಾಲು ಮಾರಿದ ದುಡ್ಡಿನಲ್ಲಿ ಸಂತೆಯಲ್ಲಿ ಕೊಂಡದ್ದು! ಅರಮನೆಯ ಕಥೆಗಿಂತ ನನಗೆ ಇದೇ ಹೆಚ್ಚು ಹೆಮ್ಮೆ.

ಕೊನೆಗೆ ಒಂದು ಕೋರಿಕೆ. ನಮ್ಮ ಸಂಘದ ಕಪಾಟಿನಲ್ಲಿ ಹಳೇ ಫೋಟೋಗಳ ಎರಡು ಡಬ್ಬಿಗಳಿವೆ. ವೇದಿಕೆಯ ಮೇಲೆ ಹಾರ ಹಾಕಿಕೊಂಡವರ ಹೆಸರು ಹಿಂದೆ ಬರೆದಿದೆ. ಪಕ್ಕದಲ್ಲಿ ನಿಂತವರದು, ಬಡಿಸುತ್ತಿದ್ದವರದು ಇಲ್ಲ. ಮುಂದಿನ ತಿಂಗಳ ಸಭೆಗೆ ಅರ್ಧ ಗಂಟೆ ಮುಂಚೆ ಬನ್ನಿ, ಹಿರಿಯರನ್ನು ಕೂರಿಸಿಕೊಂಡು ಕೇಳೋಣ. ಖಚಿತವಾಗಿ ಗೊತ್ತಿದ್ದರೆ ಹೆಸರು ಬರೆಯೋಣ, ಅನುಮಾನವಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕೋಣ. ಪೆನ್ಸಿಲ್ ನಾನು ತರುತ್ತೇನೆ.