ದೇಹದ ಕಾವಲುಗಾರರ ಪಾಠಶಾಲೆ



ನಿಮ್ಮ ತರಗತಿಯಲ್ಲಿ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಗೆಳೆಯನಿರಬಹುದು. ಸಿಹಿ ತಿಂದು ಬಂದ ರೋಗವೆಂದು ಅವನನ್ನು ಹಂಗಿಸಬೇಡಿ.

ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳು ಒಂದು ಬಗೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯೇ ಅವುಗಳ ಪಾಠಶಾಲೆ. ಅಲ್ಲಿ ಅವುಗಳ ಮುಂದೆ ನಮ್ಮದೇ ಪ್ರೋಟೀನುಗಳ ತುಣುಕುಗಳು ಬರುತ್ತವೆ. ಏನನ್ನೂ ಗುರುತಿಸಲಾರದ ಕೋಶ ಸಾಯುತ್ತದೆ. ಬಿಗಿಯಾಗಿ ಅಂಟಿಕೊಂಡದ್ದೂ ಸಾಮಾನ್ಯವಾಗಿ ಸಾಯುತ್ತದೆ. 100ರಲ್ಲಿ 5 ಉಳಿದರೆ ಹೆಚ್ಚು.

ಆದರೂ ಕೆಲವು ನುಸುಳಿಬಿಡುತ್ತವೆ. ಅವುಗಳನ್ನು ಅಂಕೆಯಲ್ಲಿಡುವ ಕಾವಲು ಕೋಶಗಳನ್ನು ಜಪಾನಿನ ಶಿಮೊನ್ ಸಕಗುಚಿ 1995ರಲ್ಲಿ ಗುರುತಿಸಿದರು. ಈ ಕಾವಲಿನ ಸಂಶೋಧನೆಗಾಗಿ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಸಂದಿತು.

ಕಾವಲು ಸೋತರೆ, ನುಸುಳಿದ ಕೋಶಗಳು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ಕೊಲ್ಲಬಹುದು. ಅದೇ ಟೈಪ್ 1 ಮಧುಮೇಹ. ಇದರಲ್ಲಿ ನಿಮ್ಮ ಗೆಳೆಯನ ತಪ್ಪೇನಿದೆ, ಹೇಳಿ?