ನೂಲಾಗದ ಹತ್ತಿ

(ತಿಕೋಟಾದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕರಿಮಣ್ಣಿನ ಈ ಸೀಮೆಯವರಿಗೆ ಹತ್ತಿಯ ವಿಷಯ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಇಂದು ನಾನು ಮಾತಾಡಲು ಬಂದಿರುವುದು ಮರದ ಹತ್ತಿಯ ಬಗ್ಗೆ, ಅಂದರೆ ಬೂರುಗದ ಅರಳೆಯ ಬಗ್ಗೆ. ಇಲ್ಲಿನ ಹೊಲದ ಬದುಗಳಲ್ಲಿ ಬೇವು, ಜಾಲಿ ಕಂಡಷ್ಟು ಬೂರುಗ ಕಾಣುವುದಿಲ್ಲ. ಆದರೂ ಅದರ ಅರಳೆ ತಲೆದಿಂಬಿನೊಳಗೆ ಮನೆ ಸೇರಿದೆ. ಮಸಾಲೆ ಡಬ್ಬಿಯ ಮರಾಠಿ ಮೊಗ್ಗು ಕೂಡ ಇದೇ ಜಾತಿಯ ಮರದ್ದು!

ಬೂರುಗದಲ್ಲಿ ಎರಡು ಬಗೆ. ಎಲೆಯುದುರಿಸಿ ಮೈತುಂಬ ಕೆಂಪು ಹೂ ಬಿಡುವುದು ನಮ್ಮ ನೆಲದ ಕೆಂಪು ಬೂರುಗ. ಇನ್ನೊಂದು ಹೊರಗಿನಿಂದ ಬಂದ ಬಿಳಿ ಬೂರುಗ. ಇರುಳಲ್ಲಿ ಅರಳುವ ಅದರ ಹೂವಿಗೆ ಬಾವಲಿಗಳು ಬರುತ್ತವೆ. ಜಗತ್ತಿನ ಪೇಟೆಯಲ್ಲಿ ‘ಕಪೋಕ್’ ಎಂಬ ಮಲಯ ಹೆಸರಿನಿಂದ ಮಾರಾಟವಾದದ್ದು ಇದರ ಅರಳೆಯೇ.

ಹತ್ತಿಯ ಎಳೆ ಬೀಜದ ಮೈಮೇಲೆ ಬೆಳೆಯುತ್ತದೆ. ಅದಕ್ಕೇ ಜಿನ್ನು ಬೇಕು. ಬೂರುಗದ ಎಳೆ ಕಾಯಿಯ ಒಳಗೋಡೆಯಿಂದ ಹುಟ್ಟುವುದರಿಂದ ಕೋಲಿನಿಂದ ಬಡಿದರೆ ಬೀಜ ಬೇರೆಯಾಗುತ್ತದೆ. ಹತ್ತಿಯ ಎಳೆ ಒಣಗುವಾಗ ತಿರುಚಿಕೊಳ್ಳುತ್ತದೆ, ಒಂದನ್ನೊಂದು ಹಿಡಿದು ನೂಲಾಗುತ್ತದೆ. ಬೂರುಗದ್ದು ಗಿಡ್ಡ, ನುಣುಪು, ಮೇಲೆ ಮೇಣದ ಲೇಪ. ಕೈಯಲ್ಲಿ ಜಾರುವ ಇದನ್ನು ಒಂದನ್ನೇ ನೂಲುವುದು ಬಹಳ ಕಷ್ಟ. ಎಳೆಯೊಳಗೆ ಬಹುಪಾಲು ಬರಿಯ ಗಾಳಿ.

ಈ ದೋಷವೇ ನೀರಿನ ಮೇಲೆ ಗುಣವಾಯಿತು. ನೀರು ಹೀರದೆ ತೇಲುವ ಈ ಅರಳೆಯನ್ನು ಹಡಗಿನವರ ಜೀವರಕ್ಷಕ ಅಂಗಿಗಳಿಗೆ ತುಂಬಿದರು. ಹೆಚ್ಚಿನ ಸರಕು ಜಾವಾದಿಂದ ಬರುತ್ತಿತ್ತು. 1942ರಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ಅಮೆರಿಕಕ್ಕೆ ಪೂರೈಕೆ ನಿಂತಿತು. 1944ರಲ್ಲಿ ಅಲ್ಲಿನ ಶಾಲಾ ಮಕ್ಕಳು ಬದಲಿ ಅರಳೆಗಾಗಿ ನಮ್ಮ ಎಕ್ಕೆಯ ಸಂಬಂಧಿಯಾದ ಗಿಡವೊಂದರ ಕಾಯಿಗಳನ್ನು ಚೀಲಗಟ್ಟಲೆ ಆರಿಸಿದರು. ಎಕ್ಕೆಯ ಕಾಯಿ ಒಡೆದು ಹಾರುವ ಅರಳೆಯನ್ನು ನೀವೆಲ್ಲ ಕಂಡೇ ಇದ್ದೀರಿ.

ಇನ್ನು ನಮ್ಮ ಗಾದಿಯ ಮಾತು. ಹತ್ತಿಯ ಗಾದಿ ಕಾಲಕ್ರಮದಲ್ಲಿ ಗಂಟುಗಟ್ಟುತ್ತದೆ. ಆಗ ಪಿಂಜಾರರು, ನದಾಫರು ಬಿಲ್ಲು, ಕೊಡತಿ ಹಿಡಿದು ಬಂದು ಹಿಂಜಿ ಕೊಡಬೇಕಾಗಿತ್ತು. ಬೂರುಗದ ಎಳೆ ಪೆಡಸು. ಹೆಚ್ಚು ಹಿಂಜಿದರೆ ಮುರಿಯುತ್ತದೆ. ಅದಕ್ಕೆ ಬಿಸಿಲೇ ಸಾಕು, ವಿಜಯಪುರದ ಬೇಸಿಗೆಯಲ್ಲಿ ಅದಕ್ಕೇನು ಬರ? ಬಡಿದು, ತುಂಬಿ, ಹೊಲಿಯುವ ಕೆಲಸವಾದರೂ ಕಸುಬುದಾರರ ಕೈಯಲ್ಲೇ ಇತ್ತು. ಸ್ಪಂಜಿನ ಗಾದಿಗೆ ಇದಾವುದೂ ಬೇಡ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರರು ಪ್ರವರ್ಗ 1ರಲ್ಲಿದ್ದಾರೆ. ಪಟ್ಟಿ ಮಕ್ಕಳ ಓದಿಗೆ ಆಸರೆಯಾದೀತು, ಅಪ್ಪನ ಬಿಲ್ಲಿಗೆ ಕೆಲಸ ಕೊಡಲಾರದು. ಅಗ್ಗದ ಸರಕು ಕೊಳ್ಳುವ ಬಡವನನ್ನೂ ನಾನು ದೂರುವವನಲ್ಲ.

ಬೂರುಗವನ್ನು ಬರೀ ಹೊಗಳುವುದೂ ಸಲ್ಲದು. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಾಸಿಗೆಯಲ್ಲಿ ಬೀಡಿ ಸೇದುವವರು ಎಚ್ಚರದಿಂದಿರಬೇಕು. ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು, ಧೂಳು ಎದೆಗೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಎಳೆ ಪುಡಿಯಾಗುವುದೂ ಉಂಟು.

ಬೂರುಗವೆಂದು ಕೊಂಡದ್ದರಲ್ಲಿ ಬಟ್ಟೆಯ ಚಿಂದಿ ಬೆರೆತಿರುವ ಅನುಮಾನ ಬಂದರೆ, ಚಿಟಿಕೆ ಅರಳೆಯನ್ನು ನೀರಿಗೆ ಹಾಕಿ ನೋಡಿ. ಬೂರುಗದ್ದು ತೇಲುತ್ತಲೇ ಇರುತ್ತದೆ, ಚಿಂದಿ ನೀರು ಕುಡಿದು ತಳ ಸೇರುತ್ತದೆ.